ಇಪ್ಪತ್ತೊಂಬತ್ತನೆಯ ಅಧ್ಯಾಯದ ಐದನೆಯ ವಚನ

ನಮ್ಮ ಕ್ರೈಸ್ತ ಸಭೆಯಲ್ಲಿ ವರ್ಷದ ಕೊನೆಯ ರಾತ್ರಿಯ ಆರಾಧನೆ ಹತ್ತೂವರೆಗೆ ಆರಂಭವಾಗುತ್ತದೆ. ಗಡಿಯಾರ ಹನ್ನೆರಡು ಹೊಡೆಯುವ ಹೊತ್ತಿಗೆ ಎಲ್ಲರೂ ಮೊಣಕಾಲೂರಿರಬೇಕು ಎಂಬ ಲೆಕ್ಕದಲ್ಲಿ ನಮ್ಮ ಪಾದ್ರಿ ಅಯ್ಯನವರು ಪ್ರಸಂಗವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಮುಗಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಮುಂದೆ ಹೋಗಿ, ಬೆತ್ತದ ತಟ್ಟೆಯಲ್ಲಿ ಕವುಚಿಟ್ಟ ಸಣ್ಣ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಂಡು ಬರುವುದು ವಾಡಿಕೆ. ವಾಗ್ದಾನದ ಕಾರ್ಡು ಎಂದು ಅದಕ್ಕೆ ಹೆಸರು. ಮುಂದಿನ ಹನ್ನೆರಡು ತಿಂಗಳಿಗೆ ದೇವರು ನಮಗೆಂದೇ ಕೊಟ್ಟ ಮಾತು ಎಂದು ನಂಬಿ ಅದನ್ನು ಸತ್ಯವೇದದೊಳಗೆ, ಅಂದರೆ ಬೈಬಲಿನೊಳಗೆ, ಇಟ್ಟುಕೊಳ್ಳುತ್ತೇವೆ. ಕೆಲವರು ಬೀರುವಿನ ಕನ್ನಡಿಗೆ ಅಂಟಿಸುತ್ತಾರೆ. 2018ರ ಡಿಸೆಂಬರ್ 31ರ ರಾತ್ರಿ ನನ್ನ ಕೈಗೆ ಬಂದದ್ದು ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ನಿಮ್ಮ ವಿಷಯವಾಗಿ ನಾನು ಮಾಡುವ ಆಲೋಚನೆಗಳನ್ನು ನಾನೇ ಬಲ್ಲೆನು, ಅವು ಅಹಿತದವಲ್ಲ, ಹಿತದವು ಎಂದು ಕರ್ತನು ಹೇಳುವ ಮಾತು. ಹಿನ್ನೆಲೆಯಲ್ಲಿ ಸೂರ್ಯೋದಯದ ಚಿತ್ರವಿತ್ತು. ಪಕ್ಕದಲ್ಲಿ ಕುಳಿತಿದ್ದ ಆಂಟಿಯೊಬ್ಬರು ಇಣುಕಿ ನೋಡಿ, “ನಿನಗೆ ತುಂಬಾ ಒಳ್ಳೆಯದೇ ಬಂತಲ್ಲ” ಎಂದರು. ನನಗೂ ಹಾಗೆಯೇ ಅನಿಸಿತು, ಏಕೆಂದರೆ ಆ ಹಿತದ ಆಲೋಚನೆ ಯಾವುದು ಎಂಬುದು ಆಗಲೇ ನನಗೆ ಗೊತ್ತಿತ್ತು.

ನಾನು ನರ್ಸ್. ಮಂಗಳೂರಿನಲ್ಲಿ ನರ್ಸಿಂಗ್ ಓದಿದವರ ಮನೆಗಳಲ್ಲಿ ಕೊಲ್ಲಿಗೆ ಹೋಗುವುದು ಒಂದು ಕನಸು ಎನ್ನುವುದಕ್ಕಿಂತ ಒಂದು ಲೆಕ್ಕಾಚಾರ ಎನ್ನುವುದೇ ಸರಿ: ಸೊಸೈಟಿಯ ಸಾಲ, ತಮ್ಮನ ಕಾಲೇಜಿನ ಫೀಸು, ಮಳೆಗಾಲಕ್ಕೆ ಸೋರುವ ಅಡುಗೆಮನೆಯ ಮಾಡು, ಇವೆಲ್ಲ ಎಷ್ಟು ವರ್ಷದ ದುಡಿಮೆಗೆ ತೀರುತ್ತವೆ ಎಂಬುದನ್ನು ಮನೆಮಂದಿಯೆಲ್ಲ ಬಾಯಿಲೆಕ್ಕದಲ್ಲಿ ಹೇಳಬಲ್ಲರು. ನನಗೆ ಆಗ 37 ವರ್ಷ. ಕೊಲ್ಲಿಯಲ್ಲಿ ನರ್ಸ್ ಆಗಲು ಬರೆಯಬೇಕಾದ ಪ್ರೊಮೆಟ್ರಿಕ್ ಪರೀಕ್ಷೆಯಲ್ಲಿ ಎರಡನೆಯ ಪ್ರಯತ್ನಕ್ಕೆ ಪಾಸಾಗಿದ್ದೆ. ದಾಖಲೆ ಪರಿಶೀಲಿಸುವ ಸಂಸ್ಥೆಯಾದ ಡೇಟಾಫ್ಲೋದವರು ಸರ್ಟಿಫಿಕೇಟುಗಳನ್ನೆಲ್ಲ ಪರಿಶೀಲಿಸಿ ಮುಗಿಸಿದ್ದರು. 2019ರ ಏಪ್ರಿಲ್ ತಿಂಗಳ ಟಿಕೆಟು ಕೈಯಲ್ಲಿತ್ತು. ಕುಟುಂಬ ಪ್ರಾರ್ಥನೆಯಲ್ಲಿ ಪಪ್ಪ ಪ್ರತಿದಿನವೂ ನನ್ನ ಪ್ರಯಾಣಕ್ಕಾಗಿ ಪ್ರಾರ್ಥಿಸುತ್ತಿದ್ದರು. ಹಂಚಿನ ಕಾರ್ಖಾನೆಯಲ್ಲಿ 34 ವರ್ಷ ದುಡಿದು ನಿವೃತ್ತರಾದ ಮನುಷ್ಯ. ಮನೆಯಲ್ಲಿ ಮಾತು ತುಳುವಾದರೂ ಪ್ರಾರ್ಥನೆಗೆ ನಿಂತರೆ ಸತ್ಯವೇದದ ಹಳೆಗಾಲದ ಕನ್ನಡವೇ ಅವರ ಬಾಯಲ್ಲಿ ಬರುತ್ತಿತ್ತು.

ಮಾರ್ಚ್ ತಿಂಗಳ ಮೂರನೆಯ ವಾರ ಒಂದು ಬೆಳಿಗ್ಗೆ ಪಪ್ಪ ಏಳುವಾಗ ಬಲಗೈ ಜಡವಾಗಿತ್ತು. ಮಲಗಿದ ಭಂಗಿ ಸರಿಯಾಗಿರಲಿಕ್ಕಿಲ್ಲ ಎಂದುಕೊಂಡು ಅಮ್ಮ ಎಣ್ಣೆ ತಿಕ್ಕಿ, ಜೀರಿಗೆ ಕಷಾಯ ಮಾಡಿಕೊಟ್ಟರು. ಕಷಾಯ ಬಾಯಿಯ ಬಲಮೂಲೆಯಿಂದ ಸೋರಿ ಬನಿಯನ್ನಿಗೆ ಇಳಿಯಿತಂತೆ. ನಾನು ರಾತ್ರಿಪಾಳಿಯಲ್ಲಿದ್ದೆ, ಫೋನು ಲಾಕರಿನಲ್ಲಿತ್ತು. ಸ್ಟ್ರೋಕ್ ಆದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನನ್ನು ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಲೆಕ್ಕ ಹಾಕಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದನ್ನು ನಾನು ಎಷ್ಟು ಮನೆಯವರಿಗೆ ಹೇಳಿಲ್ಲ! ನನ್ನ ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಪಪ್ಪನನ್ನು ಆಸ್ಪತ್ರೆಗೆ ತಲಪಿಸುವಾಗ ಹನ್ನೊಂದು ಗಂಟೆ ದಾಟಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಮತ್ತು ಮಾತು ಉಳಿಯಲಿಲ್ಲ.

ಏಪ್ರಿಲಿನ ಆ ಟಿಕೆಟನ್ನು ರದ್ದು ಮಾಡಿಸಿದೆ. ಆಗಸ್ಟಿಗಾದರೂ ಹೋಗಬಹುದು ಎಂದುಕೊಂಡೆ. ಆಗಸ್ಟಿನಲ್ಲಿ ಜನವರಿಗೆ ಎಂದುಕೊಂಡೆ. ವೀಸಾ ಕಾಯುವುದಿಲ್ಲ. ಮನೆಗೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿಪಾಳಿಗೆ ಸೇರಿ, ಹಗಲು ಪಪ್ಪನನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿಕೊಂಡೆ. ಮನೆಯ ಹಿಂದಿನ ಐದು ಸೆಂಟ್ಸ್ ಜಾಗವನ್ನು ಮಾರಿದೆವು. ಅಲ್ಲಿಯವರೆಗಿನ ಕಥೆ ಯಾವ ಮನೆಯಲ್ಲಾದರೂ ನಡೆಯುವಂಥದ್ದು, ಅದನ್ನು ಹೆಚ್ಚು ಬೆಳೆಸುವುದಿಲ್ಲ.

ನನ್ನನ್ನು ಕಂಗೆಡಿಸಿದ್ದು ಬೇರೆ. ದೇವರು ನನ್ನನ್ನು ನಡೆಸುತ್ತಾನೆ ಎಂಬ ಮಾತನ್ನು ನಾನು ಬಾಲ್ಯದಿಂದ ನಂಬಿದವಳು. ಆದರೆ ನಡೆಸುವುದು ಎಂದರೆ ಏನು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳುವಾಗ ಕಥೆ ಯಾವಾಗಲೂ ಒಂದೇ ದಾರಿ ಹಿಡಿಯುತ್ತದೆ: ಕಷ್ಟ ಬಂತು, ಪ್ರಾರ್ಥಿಸಿದೆವು, ಮೊದಲು ಕೇಳಿದ್ದಕ್ಕಿಂತ ದೊಡ್ಡದೇ ಸಿಕ್ಕಿತು. ಇದು ಸುಳ್ಳು ಎಂದು ನಾನು ಹೇಳುವುದಿಲ್ಲ, ಹಾಗೆ ಸಿಕ್ಕಿದವರು ಇದ್ದಾರೆ. ಆದರೆ ಕಥೆಯ ಮಧ್ಯದಲ್ಲಿ ಇರುವವರಿಗೆ ಎದ್ದು ನಿಂತು ಮಾತನಾಡಲು ನಾವು ಜಾಗವನ್ನೇ ಇಟ್ಟಿಲ್ಲ. ಮೈಕು ಕೊಡುವುದು ದಡ ಸೇರಿದವರಿಗೆ ಮಾತ್ರ. ಪಪ್ಪನಿಗೆ ಹುಷಾರಿಲ್ಲದ ಮೇಲೆ ಸುಮಾರು ಎರಡು ವರ್ಷ ಸಾಕ್ಷಿಯ ಹೊತ್ತಿಗೆ ನಾನು ನೆಲ ನೋಡಿಕೊಂಡು ಕುಳಿತಿರುತ್ತಿದ್ದೆ.

ಅದೇ 2019ರ ಮೇ ತಿಂಗಳಲ್ಲಿ ಹೊರ ಊರಿನ ಬೋಧಕರೊಬ್ಬರು ಮನೆಗೆ ಬಂದರು. ಯಾರೋ ಪರಿಚಯದವರು ಪ್ರೀತಿಯಿಂದಲೇ ಕರೆದುಕೊಂಡು ಬಂದಿದ್ದರು. ಪಪ್ಪನ ತಲೆಯ ಮೇಲೆ ಕೈಯಿಟ್ಟು ದೊಡ್ಡ ದನಿಯಲ್ಲಿ ಪ್ರಾರ್ಥಿಸಿ, ನಲವತ್ತು ದಿನದಲ್ಲಿ ಇವರು ಎದ್ದು ನಡೆಯುತ್ತಾರೆ ಎಂದು ದೇವರು ತನಗೆ ತೋರಿಸಿದ್ದಾನೆ ಎಂದರು. ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದೊಂದೇ ದಿನಕ್ಕೆ ಗುರುತು ಹಾಕುತ್ತ ಬಂದರು. ನಲವತ್ತೊಂದನೆಯ ದಿನ ಆ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿದರು. ನನಗೆ ಗೊತ್ತಾಗಬಾರದು ಎಂದಿರಬೇಕು. ಕಾಗದದ ಮೇಲೆ ಒತ್ತಿದ ಗೀರು ಹಾಗೆಯೇ ಉಳಿದಿತ್ತು.

ಸಿಟ್ಟಿನಲ್ಲಿಯೇ ಒಂದು ಮಧ್ಯಾಹ್ನ ಆ ವಾಗ್ದಾನದ ವಚನದ ಆಚೆಈಚೆ ಏನಿದೆ ಎಂದು ಯೆರೆಮೀಯನನ್ನು ತೆರೆದೆ. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಕಾರ್ಡಿನಲ್ಲಿ ಇರುವ ಎರಡು ಸಾಲು ಬಿಟ್ಟರೆ ಆ ಅಧ್ಯಾಯವನ್ನು ನಾನು ಅಲ್ಲಿಯವರೆಗೆ ಗಮನವಿಟ್ಟು ಓದಿದವಳಲ್ಲ. ಅದೊಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಅವನ ತಾಯಿಯನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆಯೊಯ್ದ ಮೇಲೆ, ಊರಿನಲ್ಲೇ ಉಳಿದಿದ್ದ ಯೆರೆಮೀಯನು ಸೆರೆಯವರಿಗೆ ಬರೆದು ಕಳುಹಿಸಿದ ಪತ್ರ. ಅದಕ್ಕೆ ಮೊದಲಿನ 28ನೆಯ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಇದ್ದಾನೆ. ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆ, ದೇವಾಲಯದ ಪಾತ್ರೆಗಳೂ ಬರುತ್ತವೆ ಎಂದು ಜನರೆದುರು ಸಾರಿ, ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಕಿತ್ತು ಮುರಿದುಹಾಕುತ್ತಾನೆ. ಜನರಿಗೆ ಎಂಥ ಸಮಾಧಾನವಾಗಿರಬೇಡ! ಯೆರೆಮೀಯನು ಕೂಡ ಮೊದಲು “ಆಮೆನ್, ಹಾಗೆಯೇ ಆಗಲಿ” ಎಂದೇ ಹೇಳುತ್ತಾನೆ. ಅವನಿಗೂ ಅದೇ ಬೇಕಾಗಿತ್ತು ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಆದರೆ ದೇವರ ಮಾತು ಬೇರೆಯಾಗಿತ್ತು. ಎರಡು ವರ್ಷವಲ್ಲ, ಎಪ್ಪತ್ತು ವರ್ಷ.

ಎಪ್ಪತ್ತು ವರ್ಷ ಎಂದರೆ ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚುಕಡಿಮೆ ಯಾರೂ ಮರಳುವುದಿಲ್ಲ ಎಂದರ್ಥ. ಹಿತದ ಆಲೋಚನೆ ಎಂಬ ಮಾತನ್ನು ದೇವರು ಹೇಳಿದ್ದು ಅಂಥವರಿಗೆ. ಕನ್ನಡ ಸತ್ಯವೇದದಲ್ಲಿ ಆ ವಚನದೊಳಗೆ ‘ಗತಿ’ ಎಂಬ ಪದವಿದೆ, ‘ನಿರೀಕ್ಷೆ’ ಎಂಬ ಪದವಿದೆ. ಗತಿ ಎಂಬುದು ನಮ್ಮ ಮಾತಿನಲ್ಲಿ ಎರಡು ಕಡೆಗೂ ಸಲ್ಲುವ ಪದ. ಒಳ್ಳೆಯ ಗತಿಯೂ ಇದೆ, “ಏನಪ್ಪಾ ಇವರ ಗತಿ” ಎಂಬುದೂ ಇದೆ. ಸೂರ್ಯೋದಯದ ಚಿತ್ರದ ಮೇಲೆ ಅಚ್ಚು ಹಾಕುವವರು ಎರಡನೆಯದನ್ನು ನೆನೆದಿರಲಾರರು. ಅದಕ್ಕಿಂತ ಮುಖ್ಯವಾಗಿ, ಹನ್ನೊಂದನೆಯ ವಚನಕ್ಕೆ ಮೊದಲು ಐದನೆಯ ವಚನ ಬರುತ್ತದೆ. ಅದನ್ನು ಯಾರೂ ಕಾರ್ಡಿಗೆ ಹಾಕುವುದಿಲ್ಲ. ಮನೆಗಳನ್ನು ಕಟ್ಟಿಕೊಂಡು ವಾಸಿಸಿರಿ, ತೋಟಗಳನ್ನು ಮಾಡಿಕೊಂಡು ಅವುಗಳ ಫಲವನ್ನು ಉಣ್ಣಿರಿ ಎನ್ನುತ್ತದೆ ಅದು. ಆಮೇಲೆ ಮದುವೆಯ ಮಾತು, ಮಕ್ಕಳ ಮಾತು, ಕೊನೆಗೆ ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂಬ, ನುಂಗಲಾಗದ ಮಾತು. ದಾರಿ ತೋರಿಸು ಎಂದು ಬೇಡಿದವರಿಗೆ ದೇವರು ದಾರಿ ತೋರಿಸಲಿಲ್ಲ. ಬೀಜ ಬಿತ್ತಲು ಹೇಳಿದ.

ಇಲ್ಲಿ ನನಗೆ ಅಮ್ಮನ ಬಸಳೆ ನೆನಪಾಯಿತು. ಪಪ್ಪನನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೂರನೆಯ ದಿನ, ನಾನು ಮಂಚದ ಪಕ್ಕ ಕ್ಯಾಥೆಟರಿನ ಚೀಲ ಬದಲಿಸುತ್ತಿದ್ದಾಗ, ಹಿತ್ತಲಿನಲ್ಲಿ ಕತ್ತಿಯಿಂದ ಕೋಲು ಕಡಿಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಮ್ಮ ಬಸಳೆಗೆ ಚಪ್ಪರ ಹಾಕುತ್ತಿದ್ದರು. ಗೇಣುದ್ದದ ದಂಟುಗಳನ್ನು ಓರೆಯಾಗಿ ಮಣ್ಣಿಗೆ ಸಿಕ್ಕಿಸಿ, ಬೂದಿ ಹಾಕಿ, ತೆಂಗಿನ ಗರಿಯ ನೆರಳು ಮಾಡಿದ್ದರು. “ಈ ಹೊತ್ತಿನಲ್ಲಿ ಇದು ಬೇಕಿತ್ತಾ ಅಮ್ಮ?” ಎಂದು ನಾನು ರೇಗಿದೆ. “ಮಳೆ ಬರುವ ಮೊದಲು ಬೇರು ಬಿಡಬೇಕಲ್ಲ, ಊಟ ಮಾಡುವುದು ಬೇಡವಾ?” ಎಂದರು ಅವರು, ತಲೆಯೆತ್ತದೆ. ಅಮ್ಮ ಯೆರೆಮೀಯನನ್ನು ಓದಿ ಅದನ್ನು ನೆಟ್ಟವರಲ್ಲ. ಅವರಿಗೆ ನಂಬಿಕೆಯ ಪಾಠ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎಂದೂ ನಾನು ಹೇಳುತ್ತಿಲ್ಲ; ನಲವತ್ತು ದಿನದ ಲೆಕ್ಕ ಹಾಕಿದವರೂ ಅವರೇ. ಒಬ್ಬ ಮನುಷ್ಯನೊಳಗೆ ಹನನ್ಯನೂ ಯೆರೆಮೀಯನೂ ಒಟ್ಟಿಗೆ ಇರುವುದು ಸಾಧ್ಯ ಎಂದು ಮಾತ್ರ ತಿಳಿದುಕೊಂಡೆ.

ಪಪ್ಪನ ಮಾತು ಹೋದದ್ದಕ್ಕೆ ಅಫೇಸಿಯಾ ಎನ್ನುತ್ತಾರೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗದ ಜೊತೆಗೆ ಮಾತೂ ಹೋಗುವುದುಂಟು. ಬುದ್ಧಿ ಹೋಗಿರುವುದಿಲ್ಲ, ಎದುರಿಗಿರುವವರು ಹಾಗೆ ತಿಳಿದುಕೊಳ್ಳುತ್ತಾರೆ ಅಷ್ಟೆ. ಅವರಿಗೆ ಉಳಿದದ್ದು ಒಂದೇ ಪದ: “ಹೌದು.” ನೀರು ಬೇಕೆಂದರೂ ಹೌದು, ಬೇಡವೆಂದರೂ ಹೌದು, ಸಿಟ್ಟು ಬಂದು ಎಡಗೈಯಿಂದ ಲೋಟ ತಳ್ಳುವಾಗಲೂ ಹೌದು, ಹೌದು. ಆಮೆನ್ ಎಂಬ ಮಾತಿನ ಅರ್ಥವೂ ಹೆಚ್ಚುಕಡಿಮೆ ಅದೇ ಎಂದು ಅಯ್ಯನವರು ಒಮ್ಮೆ ಸಮಾಧಾನ ಹೇಳಿದಾಗ ನನಗೆ ಬಹಳ ಸಿಟ್ಟು ಬಂದಿತ್ತು. ಪಪ್ಪ ಹೇಳಲು ಹೊರಟಿದ್ದು ಆಮೆನ್ ಅಲ್ಲ, ನೀರು ಎಂದು. ಅದನ್ನು ನಾವು ನಮ್ಮ ಅನುಕೂಲಕ್ಕೆ ಪ್ರಾರ್ಥನೆಯಾಗಿ ಬದಲಿಸಿಕೊಳ್ಳಬಾರದು ಎಂದು ನನಗೆ ಇಂದಿಗೂ ಅನಿಸುತ್ತದೆ.

ಆ ವರ್ಷದ ಮಳೆಗಾಲದಲ್ಲಿ, ಕರೆಂಟು ಹೋದ ಒಂದು ಸಂಜೆ, ಅಮ್ಮ ಕುಟುಂಬ ಪ್ರಾರ್ಥನೆಗೆ ಸಂಗೀತ ಪುಸ್ತಕದ ಹಳೆಯ ಹಾಡೊಂದನ್ನು ಎತ್ತಿದರು, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನಿನ ಕಾಲದಿಂದ ಬಂದ ಜರ್ಮನ್ ರಾಗ. ಎರಡನೆಯ ಸಾಲಿಗೆ ಮಂಚದ ಕಡೆಯಿಂದ ಇನ್ನೊಂದು ದನಿ ಸೇರಿತು. ಮಾತುಗಳು ಮಸಕಾಗಿದ್ದವು, ಆದರೆ ಮಾತುಗಳೇ ಆಗಿದ್ದವು: ಪೂರ್ತಿ ಸಾಲು, ಕನ್ನಡದಲ್ಲಿ, ರಾಗ ತಪ್ಪದೆ. ಅಮ್ಮ ಹಾಡು ನಿಲ್ಲಿಸಿಬಿಟ್ಟರು, ಪಪ್ಪ ನಿಲ್ಲಿಸಲಿಲ್ಲ. ಹಾಡುವ ಕೆಲಸಕ್ಕೆ ಮೆದುಳಿನ ಬಲಭಾಗವೂ ನೆರವಾಗುವುದರಿಂದ ಮಾತು ಹೋದವರಲ್ಲಿ ಹಾಡು ಉಳಿಯುವುದುಂಟು, ಹಾಡಿನ ಮೂಲಕವೇ ಮಾತನ್ನು ಮತ್ತೆ ಕಲಿಸುವ ಚಿಕಿತ್ಸೆಯೂ ಇದೆ ಎಂಬುದನ್ನು ನಾನು ಪಠ್ಯದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಾಲ್ಕು ತಿಂಗಳು ನನಗೆ ಅದು ಹೊಳೆದಿರಲಿಲ್ಲ. ಮನೆಯ ಭಾಷೆಯಾದ ತುಳು ಹೋಗಿ, ದೇವರ ಮುಂದೆ ಮಾತ್ರ ಆಡುತ್ತಿದ್ದ ಕನ್ನಡ ಉಳಿದಿತ್ತು. ಇದು ಅದ್ಭುತವೋ ನರವಿಜ್ಞಾನವೋ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಎರಡೂ ಬೇರೆ ಬೇರೆಯಾಗಿಯೇ ಇರಬೇಕು ಎಂದು ನನಗೆ ಅನಿಸುವುದಿಲ್ಲ. ಪಪ್ಪ ನಡೆಯಲಿಲ್ಲ. ನಲವತ್ತು ದಿನಕ್ಕೂ ಇಲ್ಲ, ನಾಲ್ಕು ವರ್ಷಕ್ಕೂ ಇಲ್ಲ. ಆದರೆ ಆಮೇಲೆ ಪ್ರತಿ ಸಂಜೆ ಹಾಡಿದರು.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ, ವಿಮಾನಗಳು ನಿಂತಾಗ, ಕೊಲ್ಲಿಯ ಆಸ್ಪತ್ರೆಗಳಿಂದ ಒಂದೊಂದೇ ಸುದ್ದಿ ಬರತೊಡಗಿದಾಗ, ಫೋನು ಮಾಡಿದವರೆಲ್ಲ ಒಂದೇ ಮಾತು ಹೇಳಿದರು: “ನೋಡು, ದೇವರು ನಿನ್ನನ್ನು ಯಾಕೆ ತಡೆದ ಎಂದು ಈಗ ಗೊತ್ತಾಯಿತಲ್ಲ.” ಈ ಮಾತು ನನಗೆ ನಲವತ್ತು ದಿನದ ಪ್ರವಾದನೆಗಿಂತಲೂ ಭಾರವಾಯಿತು. ನನ್ನ ಬ್ಯಾಚಿನ ಏಳು ಮಂದಿ ಅಲ್ಲಿದ್ದರು. ಅವರ ಮನೆಗಳಲ್ಲೂ ಪ್ರಾರ್ಥನೆ ನಡೆದಿತ್ತು, ಅವರ ಸತ್ಯವೇದದಲ್ಲೂ ವಾಗ್ದಾನದ ಕಾರ್ಡು ಇತ್ತು. ಅವರಲ್ಲಿ ಒಬ್ಬಳು ಐಸಿಯುವಿನಲ್ಲಿ ಕೆಲಸ ಮಾಡುತ್ತಲೇ ಸೋಂಕು ತಗಲಿ ಎರಡು ವಾರ ಆಮ್ಲಜನಕದ ಮೇಲಿದ್ದಳು. ದೇವರು ನನ್ನನ್ನು ನಡೆಸಿದ, ಅವಳನ್ನು ಬಿಟ್ಟ ಎಂದು ಹೇಳುವುದೇ? ಮಗಳನ್ನು ಮನೆಯಲ್ಲಿ ಉಳಿಸಲು ತಂದೆಯ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿಸುವವನು ನಮ್ಮ ಕರ್ತನೇ? ಒಂದು ಘಟನೆಗೆ ಕಾರಣ ಸಿಕ್ಕಿತೆಂದು ಸಂತೋಷಪಡುವ ಭರದಲ್ಲಿ ನಾವು ದೇವರ ಹೆಸರಿಗೆ ಏನೇನನ್ನು ಅಂಟಿಸುತ್ತೇವೆ ಎಂಬುದನ್ನು ಒಮ್ಮೆ ನಿಂತು ನೋಡಬೇಕು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕುಳಿತಿದ್ದಾಗ ಅವರಿಂದ ತಪ್ಪಾಗಲಿಲ್ಲ. ಕಾರಣ ಹೇಳಲು ಬಾಯಿ ತೆರೆದ ಮೇಲೆಯೇ ಆದದ್ದು.

ಹಾಗಾದರೆ ದೇವರು ನಡೆಸುತ್ತಾನೆ ಎಂಬುದನ್ನು ನಾನು ಬಿಟ್ಟೆನೇ? ಇಲ್ಲ. ನಡೆಸುವುದನ್ನೂ ಕಾರಣ ತಿಳಿಸುವುದನ್ನೂ ಒಂದೇ ಎಂದು ತಿಳಿದಿದ್ದೆ, ಅದನ್ನು ಬಿಟ್ಟೆ. ಇದರಲ್ಲಿ ನನಗೆ ನೆರವಾದದ್ದು ಮೊದಲ ಕ್ರೈಸ್ತರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ. ಅಪೊಸ್ತಲ ಪೌಲನು ಆಸ್ಯಸೀಮೆಯಲ್ಲಿ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ವಾಕ್ಯ ಸಾರಲು ಹೊರಡುತ್ತಾನೆ, ಪವಿತ್ರಾತ್ಮನು ತಡೆಯುತ್ತಾನೆ. ಉತ್ತರಕ್ಕೆ ತಿರುಗಿ ಬಿಥೂನ್ಯಕ್ಕೆ ಹೋಗಲು ನೋಡುತ್ತಾನೆ. ಯೇಸುವಿನ ಆತ್ಮನು ಅಲ್ಲಿಗೂ ಬಿಡುವುದಿಲ್ಲ. ಹೇಗೆ ತಡೆದನೆಂದು ಬರೆದಿಲ್ಲ, ಏಕೆ ಎಂಬುದು ಮೊದಲೇ ಇಲ್ಲ. ಆ ಪ್ರಾಂತ್ಯಗಳ ನಡುವೆ ಇದ್ದದ್ದು ನೂರಾರು ಕಿಲೋಮೀಟರುಗಳ ದಾರಿ. ಹಾಗಲ್ಲ, ಹೀಗಲ್ಲ ಎಂಬ ಎರಡು ನಿರಾಕರಣೆಗಳನ್ನಷ್ಟೇ ಕೈಯಲ್ಲಿ ಹಿಡಿದುಕೊಂಡು ಆ ಮನುಷ್ಯರು ದಿನಗಟ್ಟಲೆ ನಡೆದು, ನೆಲ ಮುಗಿದು ಕಡಲು ಎದುರಾಗುವ ತ್ರೋವದ ರೇವಿಗೆ ಬಂದು ನಿಲ್ಲುತ್ತಾರೆ. ಆ ದಿನಗಳ ಕುರಿತು ಈ ಪುಸ್ತಕ ಬರೆದ ಲೂಕನು ಒಂದೂವರೆ ಸಾಲು ಬರೆದಿದ್ದಾನೆ, ಅಷ್ಟೆ. ನಾನು ಹೆಚ್ಚು ಕಾಲ ಬದುಕಿದ್ದು ಆ ಒಂದೂವರೆ ಸಾಲಿನೊಳಗೆ.

ಮುಂದಿನದು ಎಲ್ಲರಿಗೂ ಗೊತ್ತು: ರಾತ್ರಿಯ ದರ್ಶನದಲ್ಲಿ ಮಕೆದೋನ್ಯದ ಒಬ್ಬ ಗಂಡಸು ಕರೆಯುತ್ತಾನೆ, ಇವರು ಹಡಗು ಹತ್ತುತ್ತಾರೆ. ಫಿಲಿಪ್ಪಿಗೆ ಹೋಗಿ ನೋಡಿದರೆ ಹೊಳೆದಂಡೆಯಲ್ಲಿ ಸೇರಿದ್ದವರು ಹೆಂಗಸರು. ಅವರಲ್ಲಿ ಮೊದಲು ಮನಸ್ಸು ತೆರೆದವಳು ಬೆಲೆಬಾಳುವ ಕೆನ್ನೀಲಿ ಬಟ್ಟೆ ಮಾರುತ್ತಿದ್ದ ಲುದ್ಯ. ಅವಳ ಊರು ಯಾವುದು? ಥುವತೈರ. ಥುವತೈರ ಇರುವುದು ಪೌಲನಿಗೆ ಹೋಗಬೇಡ ಎಂದ ಅದೇ ಆಸ್ಯಸೀಮೆಯಲ್ಲಿ! ಇದನ್ನು ಮೊದಲ ಸಲ ಭೂಪಟದಲ್ಲಿ ಕಂಡಾಗ ನಾನು ಒಬ್ಬಳೇ ನಕ್ಕೆ. ಆದರೆ ಅದೇ ಅಧ್ಯಾಯದಲ್ಲಿ ಬೆತ್ತದ ಪೆಟ್ಟೂ ಇದೆ, ಕಾಲಿಗೆ ಕೋಳವೂ ಇದೆ ಎಂಬುದನ್ನು ಮರೆಯಬಾರದು. ದರ್ಶನ ಕಂಡು, ವಿಧೇಯರಾಗಿ, ಸರಿಯಾದ ಊರಿಗೇ ಬಂದವರಿಗೆ ಸಿಕ್ಕಿದ್ದು ಅದು. ಪೌಲನು ರೋಮಾಪುರದವರಿಗೆ ಬರೆದ ಪತ್ರದ 15ನೆಯ ಅಧ್ಯಾಯದಲ್ಲಿ ಸ್ಪೇನಿಗೆ ಹೋಗುವ ದಾರಿಯಲ್ಲಿ ನಿಮ್ಮನ್ನು ಕಾಣುತ್ತೇನೆ ಎಂದು ಯೋಜನೆ ಹಾಕುತ್ತಾನೆ. ರೋಮಿಗೆ ಅವನು ತಲಪಿದ್ದು ಕೈದಿಯಾಗಿ. ಸ್ಪೇನಿನ ಕಥೆ ಏನಾಯಿತೆಂದು ಸತ್ಯವೇದ ಹೇಳುವುದೇ ಇಲ್ಲ. ಬಾಡಿಗೆಯ ಮನೆಯಲ್ಲಿ ಎರಡು ವರ್ಷ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದನು ಎಂಬಲ್ಲಿಗೆ ಅಪೊಸ್ತಲರ ಕೃತ್ಯಗಳ ಪುಸ್ತಕ ಮುಗಿದುಹೋಗುತ್ತದೆ.

ಪಪ್ಪ ದುಡಿದ ಕಾರ್ಖಾನೆಗಳ ಕಥೆಯೂ ಇಂಥದ್ದೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನಿನಿಂದ ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲು. ಹಂಚು ಸುಡಲು ಅಲ್ಲ. ಆದರೆ ಅವರ ಮಾತು ಕೇಳಿ ಕ್ರೈಸ್ತರಾದವರು ಮನೆಯಿಂದ, ಗೇಣಿಯ ಜಮೀನಿನಿಂದ, ಕುಲಕಸುಬಿನಿಂದ ಹೊರಬಿದ್ದಾಗ ಅವರ ಹೊಟ್ಟೆಪಾಡು ಮಿಷನಿನ ತಲೆಗೆ ಬಂತು. ನೇಯ್ಗೆ ಬಂತು, ಮುದ್ರಣ ಬಂತು. ಕೊನೆಗೆ ಮುದ್ರಣಾಲಯದಲ್ಲಿ ದುಡಿದಿದ್ದ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅರ್ಧ ಭಾರತದ ಮಾಡುಗಳ ಮೇಲೆ ಮಂಗಳೂರು ಹಂಚು ಕುಳಿತದ್ದು ಯಾರೊಬ್ಬರ ಮೂಲ ಯೋಜನೆಯಲ್ಲೂ ಇರಲಿಲ್ಲ. 1914ರ ಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಮಿಷನಿನ ಕೈತಪ್ಪಿದವು. ಸಭೆಗಳು ಉಳಿದವು. ಇಷ್ಟು ಹೇಳಿ, ಆದ್ದರಿಂದ ಎಲ್ಲವೂ ಒಳ್ಳೆಯದಕ್ಕೇ ಆಯಿತು ಎಂದು ಬರೆದುಬಿಡುವುದು ಸುಲಭ. ಮನೆಯಿಂದ ಹೊರಬಿದ್ದ ಆ ಮೊದಲ ತಲೆಮಾರಿನವರು ಏನೆನ್ನುತ್ತಿದ್ದರೋ.

ಮಣ್ಣಿನ ಮಾತು ಬಂದಾಗ ಯೆರೆಮೀಯನು ಕುಂಬಾರನ ಮನೆಗೆ ಹೋದ ಪ್ರಸಂಗವನ್ನು ಎಲ್ಲರೂ ಎತ್ತುತ್ತಾರೆ: ಕೆಟ್ಟುಹೋದ ಪಾತ್ರೆಯನ್ನು ಕುಂಬಾರನು ಮತ್ತೆ ಮುದ್ದೆ ಮಾಡಿ ಬೇರೆ ಪಾತ್ರೆ ಮಾಡಿದನು ಎಂದು. ಪಪ್ಪ ಮಾತಾಡುವ ಕಾಲದಲ್ಲಿ ಇದಕ್ಕೊಂದು ತಿದ್ದುಪಡಿ ಕೊಡುತ್ತಿದ್ದರು. ಹಸಿ ಹಂಚಾದರೆ ಹಾಗೆ ಮಾಡಬಹುದು. ಭಟ್ಟಿಯಿಂದ ಹೊರಬಂದ ಮೇಲೆ ಒಡೆದ ಹಂಚು ಮತ್ತೆ ಮಣ್ಣಾಗುವುದಿಲ್ಲ, ಅದನ್ನು ಹೊಂಡ ತುಂಬಿಸಲು, ಬಾವಿಕಟ್ಟೆಯ ಕೆಸರಿಗೆ ಹಾಸಲು ಬಳಸಬೇಕು ಎನ್ನುತ್ತಿದ್ದರು. ನಮ್ಮ ಬಾವಿಯ ಸುತ್ತ ಕಾಲು ಜಾರದೆ ಇರುವುದು ಆ ಒಡೆದ ಹಂಚುಗಳಿಂದಲೇ. ನಾನು ಈ ಮಾತನ್ನು ಹಿಂದೆ ತಮಾಷೆ ಎಂದುಕೊಂಡಿದ್ದೆ. ನನ್ನ 37ನೆಯ ವಯಸ್ಸಿನ ಯೋಜನೆ ಮತ್ತೆ ಬೇರೆ ಆಕಾರದಲ್ಲಿ ನನ್ನ ಕೈಗೆ ಬರಲಿಲ್ಲ. ಈಗ 40 ದಾಟಿದೆ, ಇನ್ನು ಅರ್ಜಿ ಹಾಕುವ ಮನಸ್ಸೂ ಇಲ್ಲ. ತಮ್ಮ ಸಾಲ ಮಾಡಿಯೇ ಓದಿದ. ಅಡುಗೆಮನೆಯ ಮಾಡಿನ ಮೇಲೆ ಇನ್ನೂ ಟಾರ್ಪಾಲಿದೆ.

ಯೆರೆಮೀಯನ ಗ್ರಂಥದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಇನ್ನೊಂದು ಜಾಗವಿದೆ, 32ನೆಯ ಅಧ್ಯಾಯ. ಯೆರೂಸಲೇಮಿಗೆ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿದೆ. ಊರು ಬೀಳುತ್ತದೆ ಎಂದು ಹೇಳಿದ ತಪ್ಪಿಗೆ ಯೆರೆಮೀಯನು ಸೆರೆಯಲ್ಲಿದ್ದಾನೆ. ಆ ಹೊತ್ತಿನಲ್ಲಿ ಅವನು ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡುಕೊಳ್ಳುತ್ತಾನೆ; ಶತ್ರುವಿನ ಕಾಲಡಿ ಇರುವ ಹೊಲ. ತಕ್ಕಡಿಯಲ್ಲಿ ಬೆಳ್ಳಿ ತೂಗಿ, ಸಾಕ್ಷಿಗಳ ಸಹಿ ಹಾಕಿಸಿ, ಕ್ರಯಪತ್ರವು ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಅದೆಲ್ಲ ಮಾಡಿ ಮುಗಿಸಿದ ಮೇಲೆ ಅವನು ಮಾಡುವ ಪ್ರಾರ್ಥನೆಯನ್ನು ಓದಿ ನೋಡಿ: ಊರು ಶತ್ರುಗಳ ಪಾಲಾಗುತ್ತಿದೆ, ಆದರೂ ಹೊಲ ಕೊಂಡುಕೋ ಎಂದು ನನಗೆ ಹೇಳಿದೆಯಲ್ಲ ಎಂದು ದೇವರನ್ನೇ ಕೇಳುತ್ತಾನೆ. ಮೊದಲು ರಿಜಿಸ್ಟ್ರಿ, ಆಮೇಲೆ ಸಂಶಯ. ನಾವು ನಮ್ಮ ಐದು ಸೆಂಟ್ಸ್ ಮಾರಿ ಕಾಗದಕ್ಕೆ ಸಹಿ ಹಾಕಿದ ದಿನ ಪಪ್ಪನ ಎಡಗೈಯ ಹೆಬ್ಬೆರಳಿಗೆ ಮಸಿ ಹಚ್ಚಿದವಳು ನಾನು. ಆ ಹೊಲದ ಕಥೆಯನ್ನು ಅಂದು ರಾತ್ರಿ ಅವರಿಗೆ ಓದಿ ಹೇಳಿದೆ. “ಹೌದು, ಹೌದು” ಎಂದರು. ಏನು ಹೇಳಲು ಹೊರಟಿದ್ದರೋ ಗೊತ್ತಿಲ್ಲ.

2023ರ ನವೆಂಬರಿನಲ್ಲಿ ಪಪ್ಪ ತೀರಿಕೊಂಡರು. ನ್ಯುಮೋನಿಯಾ. ಕೊನೆಯ ವಾರ ಹಾಡಲಿಲ್ಲ, ನಾವು ಹಾಡಿದಾಗ ಎಡಗೈಯ ಬೆರಳುಗಳು ಹಾಸಿಗೆಯ ಮೇಲೆ ತಾಳ ಹಿಡಿಯುತ್ತಿದ್ದವು. ಆ ವರ್ಷದ ಕೊನೆಯ ರಾತ್ರಿ ನಾನು ಆರಾಧನೆಗೆ ಹೋದೆ, ಕಾರ್ಡನ್ನೂ ತೆಗೆದುಕೊಂಡೆ. ವಾಡಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಬಂದು ಆ ವಚನದ ಹಿಂದಿನ ಇಪ್ಪತ್ತು, ಮುಂದಿನ ಇಪ್ಪತ್ತು ವಚನಗಳನ್ನು ಓದಿಯೇ ಮಲಗುವುದು ಈಗಿನ ನನ್ನ ಪದ್ಧತಿ.

ಕಳೆದ ತಿಂಗಳು ನಮ್ಮ ಸಭೆಯವರೇ ಆದ ಒಬ್ಬ ಹೆಂಗಸು ರಾತ್ರಿ ಒಂಬತ್ತಕ್ಕೆ ಮನೆಗೆ ಬಂದರು. ಗಂಡನಿಗೆ ಸ್ಟ್ರೋಕ್ ಆಗಿ ಮೂರು ವಾರವಾಗಿತ್ತು, ಆ ದಿನ ಬೆಳಿಗ್ಗೆ ಡಿಸ್ಚಾರ್ಜ್ ಆಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಗಂಟಲಿಗೆ ಸಿಕ್ಕದಂತೆ ಗಂಜಿಯನ್ನು ಎಷ್ಟು ದಪ್ಪಗೆ ಮಾಡಬೇಕು ಎಂದೆಲ್ಲ ಕೇಳಿ ಬರೆದುಕೊಂಡರು. ಅಮ್ಮ ಹಿತ್ತಲಿಗೆ ಹೋಗಿ ಟಾರ್ಚು ಹಿಡಿದುಕೊಂಡು ನಾಲ್ಕು ಬಸಳೆ ದಂಟು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ತಂದರು. ಮೆಟ್ಟಿಲಿಳಿಯುವಾಗ ಆ ಹೆಂಗಸು ತಿರುಗಿ ನಿಂತು, “ಸಿಸ್ಟರ್, ದೇವರು ನಮಗೇ ಯಾಕೆ ಹೀಗೆ ಮಾಡಿದ?” ಎಂದರು.

“ನನಗೆ ಗೊತ್ತಿಲ್ಲ ಆಂಟಿ” ಎಂದೆ. “ಅಂಕಲ್‌ಗೆ ಮಾತು ಬರುತ್ತದಾ?”

“ಒಂದು ಅಕ್ಷರವೂ ಇಲ್ಲ.”

“ಅವರಿಗೆ ಬಾಯಿಪಾಠ ಬರುವ ಹಾಡು ಯಾವುದು?”

ಅವರು ಗೇಟಿನ ಬಳಿ ಬಹಳ ಹೊತ್ತು ಯೋಚಿಸಿದರು.